ನೋಡಿದ್ದು, ಕೇಳಿದ್ದು, ಹೇಳಬಹುದಾದದ್ದು

ಕೊಳ್ಳೇಗಾಲ
ಫೆಬ್ರವರಿ 13, 2025, ಗುರುವಾರ

ನಾಳೆಯಿಂದ ನಾಲ್ಕು ದಿನ ಹಕ್ಕಿ ಎಣಿಕೆ. ಪ್ರತಿ ಫೆಬ್ರವರಿಯಲ್ಲಿ ಜಗತ್ತಿನ ಎಲ್ಲೆಡೆ ನಡೆಯುವ ಈ ಎಣಿಕೆಗೆ ಭಾರತ ಸೇರಿದ್ದು 2013ರಲ್ಲಿ. ಶಾಲೆ ಕಾಲೇಜುಗಳ ಆವರಣದ ಎಣಿಕೆಯೂ ಇದೇ ದಿನಗಳಲ್ಲಿ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆಯಿಂದ ಮಕ್ಕಳು ಪಟ್ಟಿ ಕಳಿಸಲಿದ್ದಾರೆ. ಈ ಸಲ ಹೊಸಬರೇ ಹೆಚ್ಚು.

ಅವರು ಬರೆದದ್ದೆಲ್ಲ ಇ-ಬರ್ಡ್ ಭಂಡಾರಕ್ಕೆ ಸೇರುತ್ತದೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 2002ರಲ್ಲಿ ಅದನ್ನು ಶುರುಮಾಡಿದವು. ಈಗ ನಮ್ಮ ಕಾಮಗೆರೆಯ ಹುಡುಗಿಯೂ ಅದಕ್ಕೆ ಬರೆಯುತ್ತಾಳೆ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಬರೆಯುತ್ತಾರೆ. ಯಾವ ಪ್ರದೇಶದಲ್ಲಿ, ಯಾವ ತಿಂಗಳಲ್ಲಿ, ಯಾವ ಹಕ್ಕಿ ಎಷ್ಟರ ಮಟ್ಟಿಗೆ ಕಾಣಬಹುದು ಎಂಬ ಮಿತಿಯೊಂದು ಅಲ್ಲಿ ಇರುತ್ತದೆ. ಅದನ್ನು ದಾಟಿದ ದಾಖಲೆ ತಾನಾಗಿಯೇ ಪಕ್ಕಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದಿನದು ಆಯಾ ಊರಿನ ಹಕ್ಕಿಗಳನ್ನು ಬಲ್ಲ ಪರಿಶೀಲಕರ ಕೆಲಸ. ಸಂಬಳವಿಲ್ಲ, ಕಚೇರಿಯಿಲ್ಲ. ಶಾಲೆಯ ಉತ್ತರಪತ್ರಿಕೆ ತಿದ್ದಿ ಮುಗಿಸಿದ ಮೇಲೆ ರಾತ್ರಿ ಕುಳಿತು ನಾನು ಮಾಡುವುದು ಇದನ್ನೇ.

ಈ ಕೆಲಸದ ತೂಕ ನನಗೆ ಮನದಟ್ಟಾದದ್ದು 2023ರ ಆಗಸ್ಟಿನಲ್ಲಿ, ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂದಾಗ. ಸುಮಾರು 30,000 ಮಂದಿ ಬರೆದ 3 ಕೋಟಿ ದಾಖಲೆಗಳ ಮೇಲೆ ನಿಂತ ವರದಿ ಅದು. 942 ಜಾತಿಗಳನ್ನು ನೋಡಿ, 178 ಜಾತಿಗಳಿಗೆ ತುರ್ತು ಕಾಳಜಿ ಬೇಕು ಎಂದಿತು. ಯಾವ ಹಕ್ಕಿಗೆ ಮೊದಲು ಗಮನ ಕೊಡಬೇಕು ಎಂಬ ತೀರ್ಮಾನ ಅಪರಿಚಿತರ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಅದಕ್ಕೆ ಕಾವಲು ಕೂರುವುದು ಸಣ್ಣ ಕೆಲಸವೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಫೆಬ್ರವರಿ 15, ಶನಿವಾರ

ಬೆಳಿಗ್ಗೆ ಮಕ್ಕಳೊಡನೆ ದೊಡ್ಡರಂಗನಾಥನ ಕೆರೆ ಏರಿ ಮೇಲೆ. ನೀರು ಕಡಿಮೆ, ಜೊಂಡು ಹೆಚ್ಚು. ಚುಕ್ಕೆ ಕೊಕ್ಕಿನ ಬಾತು, ನಾಮದಕೋಳಿ, ನೀರುಕಾಗೆ, ಕೊಳದ ಬಕ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನಗೆ ಗೊತ್ತಿಲ್ಲದ ಒಂದು ಪುಟ್ಟ ಕಂದು ಹಕ್ಕಿಯನ್ನು ಏನೆಂದು ಬರೆಯಲಿ ಎಂದು ಕೇಳಿದ. ಗೊತ್ತಿಲ್ಲ ಎಂದೇ ಬರೆ ಎಂದೆ. ಹಾಗೆ ಬರೆಯಲು ಅಲ್ಲಿ ಜಾಗವಿದೆ. ಯಾವುದೋ ಒಂದು ಹಕ್ಕಿ ಎಂದು ದಾಖಲಿಸಬಹುದು. ಪರೀಕ್ಷೆಯಲ್ಲಿ ಜಾಗ ಖಾಲಿ ಬಿಡಬೇಡಿ ಎಂದು ವರ್ಷವಿಡೀ ಹೇಳಿಸಿಕೊಂಡ ಮಗುವಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಊಹೆಯಿಂದ ತುಂಬಿಸಿದ ಹೆಸರಿಗಿಂತ ಗೊತ್ತಿಲ್ಲ ಎಂಬ ಮಾತೇ ವಿಜ್ಞಾನಕ್ಕೆ ಹೆಚ್ಚು ಪ್ರಯೋಜನ ಎಂದು ಬಿಡಿಸಿ ಹೇಳಿದೆ. ಹುಡುಗ ಬರೆದುಕೊಂಡ.

ರಾತ್ರಿ ನೋಡಿದರೆ ಪಕ್ಕಕ್ಕೆ ನಿಂತ ದಾಖಲೆಗಳ ದೊಡ್ಡ ಸಾಲು. ಹನೂರಿನ ಒಂದು ಕಾಲೇಜಿನ ಆವರಣದಲ್ಲಿ ಹಿಮಾಲಯದ ಪಿಕಳಾರ! ಆಗಿದ್ದೇನು ಎಂಬುದು ಸ್ಪಷ್ಟ. ಕೆಮ್ಮೀಸೆ ಪಿಕಳಾರವನ್ನು ನೋಡಿದ ವಿದ್ಯಾರ್ಥಿನಿ ಫೋನಿನ ಪಟ್ಟಿಯಲ್ಲಿ ಮೇಲಿನ ಹೆಸರನ್ನು ಒತ್ತಿದ್ದಾಳೆ. ಇಂಥ ಕಡೆಯಲ್ಲೇ ಪರಿಶೀಲಕನ ನಡತೆ ಪರೀಕ್ಷೆಗೆ ಬರುವುದು. ‘ತಪ್ಪು, ಸರಿಪಡಿಸಿ’ ಎಂದು ಎರಡು ಪದ ಬರೆದು ಮುಗಿಸಬಹುದು. ಆದರೆ ಮೊದಲ ಸಲ ಬರೆದವಳಿಗೆ ಆ ಎರಡು ಪದವೇ ಕೊನೆಯ ಪತ್ರವಾಗಿಬಿಡಬಹುದು.

ನಾನು ಬರೆಯುವ ಕ್ರಮ ಇದು. ಮೊದಲು ಆಕೆಯ ಪಟ್ಟಿಯಲ್ಲಿ ಚೆನ್ನಾಗಿರುವುದನ್ನು ಹೆಸರಿಸುವುದು. ಆಕೆ ಸಮಯ, ದೂರ ಎರಡನ್ನೂ ಸರಿಯಾಗಿ ಗುರುತಿಸಿದ್ದಾಳೆ, ಬಹಳ ಜನ ಹಿರಿಯರು ಅದನ್ನು ಮಾಡುವುದಿಲ್ಲ. ಆಮೇಲೆ ಪ್ರಶ್ನೆ: ಕೆನ್ನೆಯ ಬಣ್ಣ ಹೇಗಿತ್ತು, ಜುಟ್ಟು ಹೇಗಿತ್ತು? ಉತ್ತರ ಆಕೆಯಿಂದಲೇ ಬರಲಿ ಎಂದು ಕಾಯುವುದು. ಆಕೆಯ ಪಟ್ಟಿಗೆ ಕೈಹಾಕುವ ಅಧಿಕಾರ ನನಗಿಲ್ಲ, ಇರಲೂಬಾರದು. ದೃಢಪಡದ ದಾಖಲೆ ಸಾರ್ವಜನಿಕ ನಕ್ಷೆಗಳಿಗೆ ಹೋಗುವುದಿಲ್ಲ, ಅಷ್ಟೆ. ಬರೆದವರ ಸ್ವಂತ ಪಟ್ಟಿಯಲ್ಲಿ ಅದು ಹಾಗೇ ಉಳಿಯುತ್ತದೆ. ಅವರು ಕಂಡದ್ದು ಅವರದು, ಎಲ್ಲರ ಹೆಸರಿನಲ್ಲಿ ಹೇಳುವುದಕ್ಕೆ ಮಾತ್ರ ಸಾಕ್ಷ್ಯ ಬೇಕು. ಈ ಗೆರೆಯನ್ನು ಎಳೆದವರು ಬಹಳ ಯೋಚಿಸಿ ಎಳೆದಿದ್ದಾರೆ.

ಫೆಬ್ರವರಿ 18, ಮಂಗಳವಾರ

ಎಣಿಕೆ ಮುಗಿಯಿತು. ಮಕ್ಕಳ ದಾಖಲೆಗಳು ಒಂದೊಂದಾಗಿ ತೀರುತ್ತಿವೆ. ಹಿಮಾಲಯದ ಪಿಕಳಾರ ಕೆಮ್ಮೀಸೆಯಾಗಿ ಬದಲಾಯಿತು, ಆಕೆಯೇ ಬದಲಿಸಿದಳು. ಕಷ್ಟ ಇರುವುದು ಬೇರೆ ಕಡೆ.

ಈ ಭಾಗದಲ್ಲಿ ಎಲ್ಲರೂ ಗೌರವಿಸುವ ಹಿರಿಯರೊಬ್ಬರು ಹನೂರು ತಾಲ್ಲೂಕಿನ ಕಾವೇರಿ ದಂಡೆಯ ಒಣಕಾಡಿನಿಂದ ಮಲಬಾರ್ ಬೂದು ಮಂಗಟ್ಟೆಯನ್ನು ದಾಖಲಿಸಿದ್ದಾರೆ. ವಿವರವಿಲ್ಲ, ಚಿತ್ರವಿಲ್ಲ. ಅದು ಪಶ್ಚಿಮ ಘಟ್ಟದ ತೇವದ ಕಾಡುಗಳ ಹಕ್ಕಿ. ಕುರುಚಲು, ಬಂಡೆ, ಹೊಳೆಮತ್ತಿ ಮರಗಳ ಆ ದಂಡೆಗೆ ಹೊಂದುವುದು ಸಾಧಾರಣ ಬೂದು ಮಂಗಟ್ಟೆ. ಸಾಧಾರಣದ್ದಕ್ಕೆ ಕೊಕ್ಕಿನ ಮೇಲೆ ಮೊನಚಾದ ಕಿರೀಟವುಂಟು, ಮಲಬಾರಿನದಕ್ಕೆ ಇಲ್ಲ. ಕೂಗೂ ಬೇರೆ. ಆದರೆ ಬಿಳಿಗಿರಿರಂಗನ ಬೆಟ್ಟ ಪೂರ್ವ ಘಟ್ಟಕ್ಕೂ ಪಶ್ಚಿಮ ಘಟ್ಟಕ್ಕೂ ಸೇತುವೆಯಂತಿರುವ ನೆಲ. ಇಲ್ಲಿ ಏನೂ ಸಾಧ್ಯವಿಲ್ಲ ಎಂದು ಕುಳಿತಲ್ಲೇ ತಳ್ಳಿಹಾಕಲಾಗದು. ಅದಕ್ಕೇ ಕೇಳಬೇಕು.

ಹಿರಿಯರನ್ನು ಕೇಳುವುದೇ? ಹೌದು, ಅದೇ ಪ್ರಶ್ನೆಯನ್ನು, ಆ ಹುಡುಗಿಗೆ ಕೇಳಿದ ಅದೇ ದನಿಯಲ್ಲಿ. ಮನಸ್ಸು ಹಿಂಜರಿದಾಗ ರಿಚರ್ಡ್ ಮೈನರ್ಟ್ಸ್‌ಹಾಗನ್ ಕಥೆಯನ್ನು ನೆನೆದುಕೊಳ್ಳುತ್ತೇನೆ. ಬ್ರಿಟಿಷ್ ಸೇನಾಧಿಕಾರಿ, ಪಕ್ಷಿಶಾಸ್ತ್ರದಲ್ಲಿ ದೊಡ್ಡ ಹೆಸರು. ಸಲೀಂ ಅಲಿಯವರು 1937ರಲ್ಲಿ ಅವನೊಡನೆ ಅಫ್ಘಾನಿಸ್ತಾನಕ್ಕೆ ಹೋಗಿದ್ದರು. ಅವನು ಸತ್ತು ದಶಕಗಳು ಕಳೆದ ಮೇಲೆ, ಸಂಗ್ರಹಾಲಯಗಳಿಂದ ಹಕ್ಕಿಯ ಮಾದರಿಗಳನ್ನು ಕದ್ದು, ಸುಳ್ಳು ಸ್ಥಳ, ಸುಳ್ಳು ದಿನಾಂಕದ ಚೀಟಿ ಅಂಟಿಸಿದ್ದ ಎಂಬುದು ಬಯಲಾಯಿತು. ಕಾಡು ಚಿಕ್ಕಗೂಬೆಯ ಒಂದು ಮಾದರಿಯನ್ನು ತಾನೇ 1914ರಲ್ಲಿ ಗುಜರಾತಿನಲ್ಲಿ ಸಂಗ್ರಹಿಸಿದ್ದೆಂದು ಬರೆದಿದ್ದ. ಅದನ್ನು ನಂಬಿ ಹುಡುಕಿದವರಿಗೆ ಹಕ್ಕಿ ಸಿಗಲಿಲ್ಲ. 1884ರ ನಂತರ ಖಚಿತ ದಾಖಲೆಯೇ ಇಲ್ಲದಿದ್ದ ಆ ಗೂಬೆಯನ್ನು 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರು ಮತ್ತೆ ಕಂಡರು. ಅವನ ಚೀಟಿಯನ್ನು ಬದಿಗಿಟ್ಟು, ಹಳೆಯ ನಿಜವಾದ ಮಾದರಿಗಳ ಸ್ಥಳಗಳನ್ನು ನಂಬಿ ಹೊರಟದ್ದೇ ಅವರಿಗೆ ದಾರಿಯಾಯಿತು.

ನಮ್ಮ ಹಿರಿಯರು ಸುಳ್ಳು ಹೇಳುವವರಲ್ಲ. ಅವರ ಕಣ್ಣಿನ ಮೇಲೆ ನನಗೆ ವಿಶ್ವಾಸವಿದೆ. ಆದರೆ ಹೆಸರು ದೊಡ್ಡದಾದಷ್ಟೂ ಪ್ರಶ್ನೆ ಕೇಳುವವರು ಕಡಿಮೆಯಾಗುತ್ತಾರೆ, ಆಗ ಒಂದು ದಾಖಲೆ ತನ್ನ ಬಲದಿಂದ ನಿಲ್ಲುವ ಬದಲು ಹೆಸರಿನ ಬಲದಿಂದ ನಿಲ್ಲುತ್ತದೆ. ಪತ್ರ ಬರೆದು ಕಳಿಸಿದೆ.

ಫೆಬ್ರವರಿ 20, ಗುರುವಾರ

ಉತ್ತರ ಬಂತು. ನೋವಿನ ಪತ್ರ. ತಾನು ಈ ಕಾಡಿನಲ್ಲಿ ನಡೆಯುತ್ತಿದ್ದಾಗ ನೀವಿನ್ನೂ ಅಕ್ಷರ ಕಲಿಯುತ್ತಿದ್ದಿರಿ ಎಂದು ಬರೆದಿದ್ದಾರೆ. ಅದು ನಿಜವೇ. ಕೊಕ್ಕಿನ ಬಗ್ಗೆ, ಕೂಗಿನ ಬಗ್ಗೆ ಒಂದು ಸಾಲೂ ಇಲ್ಲ.

ದಾಖಲೆಯನ್ನು ದೃಢಪಡದ್ದು ಎಂದು ಗುರುತಿಸಿದೆ. ಮುಂದೆ ಯಾವಾಗ ವಿವರ ಸಿಕ್ಕರೂ ಮತ್ತೆ ನೋಡಬಹುದು, ಬಾಗಿಲು ಮುಚ್ಚಿಲ್ಲ ಎಂದು ಬರೆದೆ. ಕೈ ಭಾರವಾಗಿತ್ತು.

ಫೆಬ್ರವರಿ 22, ಶನಿವಾರ. ಹನೂರು

ಶಿವರಾತ್ರಿ ಹತ್ತಿರ. ಸಂಗಮದಲ್ಲಿ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟವರು ರಸ್ತೆಯುದ್ದಕ್ಕೂ. ತಲೆಯ ಮೇಲೆ ಗಂಟು, ಬಾಯಲ್ಲಿ ಉಘೇ ಉಘೇ. ಅಲ್ಲಲ್ಲಿ ಅರವಟ್ಟಿಗೆ. ಮುತ್ತುಗ ಹೂಬಿಟ್ಟಿದೆ.

ಬಂದ ಕಾರಣ ಬೇರೆ. ನಿನ್ನೆ ರಾತ್ರಿ ಒಂದು ಪಟ್ಟಿ ಕಂಡೆ. ಹನೂರಿನ ಕಾಲೇಜು ವಿದ್ಯಾರ್ಥಿ ಕೊಂಬಿನ ಗೂಬೆಯ ಗೂಡನ್ನು ಕಂಡಿದ್ದಾನೆ. ಬಂಡೆಯ ಚಾಚಿನ ಬರಿ ಮಣ್ಣಿನ ಮೇಲೆ ಮರಿಗಳು, ಪಕ್ಕದಲ್ಲಿ ತಾಯಿ. ಚಿತ್ರ ಅದ್ಭುತವಾಗಿದೆ, ಗುರುತಿನಲ್ಲಿ ಕಿಂಚಿತ್ತೂ ಸಂಶಯವಿಲ್ಲ. ಯಂತ್ರ ಅದನ್ನು ಪಕ್ಕಕ್ಕೆ ನಿಲ್ಲಿಸಿಯೂ ಇಲ್ಲ, ಏಕೆಂದರೆ ಈ ಸೀಮೆಯ ಬಂಡೆಗುಡ್ಡಗಳಲ್ಲಿ ಆ ಗೂಬೆ ಸಹಜ. ನಿಯಮದ ಪ್ರಕಾರ ನಾನು ಮಾಡಬೇಕಾದದ್ದು ಏನೂ ಇಲ್ಲ.

ಆದರೆ ಸ್ಥಳದ ಗುರುತು ಗುಡ್ಡದ ತುದಿಯವರೆಗೆ ಕರಾರುವಾಕ್ಕಾಗಿದೆ. ಯಾರು ಬೇಕಾದರೂ ಫೋನು ಹಿಡಿದು ನೇರ ಆ ಬಂಡೆಗೆ ನಡೆದು ಹೋಗಬಹುದು. ಮಾಟಮಂತ್ರದ ನೆಪದಲ್ಲಿ ಗೂಬೆಗಳನ್ನು ಹಿಡಿದು ಮಾರುವ ಜಾಲ ದೇಶದಲ್ಲಿದೆ. ಅಬ್ರಾರ್ ಅಹ್ಮದ್ ಅವರು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಗಾಗಿ ಮಾಡಿದ ಅಧ್ಯಯನ 2010ರಲ್ಲೇ ಅದನ್ನು ತೆರೆದಿಟ್ಟಿತ್ತು. ಕಳ್ಳರಷ್ಟೇ ಅಲ್ಲ, ಒಳ್ಳೆಯ ಚಿತ್ರ ಬೇಕೆನ್ನುವ ಹತ್ತು ಮಂದಿ ಸಾಲಾಗಿ ಬಂದು ನಿಂತರೂ ಸಾಕು, ತಾಯಿ ಹಗಲೆಲ್ಲ ಗೂಡು ಬಿಟ್ಟು ಹಾರುತ್ತದೆ, ಮರಿಗಳು ಬಿಸಿಲಿಗೆ, ಕಾಗೆಗೆ ಸಿಕ್ಕುತ್ತವೆ. ಗೂಡಿಗೆ ತೊಂದರೆ ಕೊಡುವುದು 1972ರ ವನ್ಯಜೀವಿ ಕಾಯಿದೆಯ ಅಡಿಯಲ್ಲೂ ಅಪರಾಧ.

ಹುಡುಗನನ್ನು ಫೋನಿನಲ್ಲಿ ಕೇಳಿದೆ. ಬನ್ನಿ ಸಾರ್, ನಾಳೆ ಮಾತಾಡೋಣ ಎಂದ. ಇಲ್ಲೇ ಸ್ನೇಹಿತರ ಮನೆಯಲ್ಲಿ ಉಳಿದಿದ್ದೇನೆ.

ಫೆಬ್ರವರಿ 23, ಭಾನುವಾರ

ಹುಡುಗ ಗೂಡಿನ ಜಾಗ ತೋರಿಸಲು ಸಿದ್ಧನಾಗಿ ಬಂದಿದ್ದ. ಬೇಡ ಎಂದೆ. ಬಸ್ ನಿಲ್ದಾಣದ ಬಳಿಯ ಕಾಫಿ ಅಂಗಡಿಯಲ್ಲಿ ಕೂತೆವು.

ಅವನ ವಾದ ಹುರುಳಿಲ್ಲದ್ದಲ್ಲ. ‘ಸಾರ್, ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕು ಅಂತ ನೀವೇ ತರಗತಿಯಲ್ಲಿ ಹೇಳುತ್ತಿದ್ದಿರಿ. ಆ ಗುಡ್ಡ ನಾಳೆ ಕಲ್ಲುಕ್ವಾರಿಯ ಪಾಲಾದರೆ, ಇಲ್ಲಿ ಗೂಬೆ ಇತ್ತು ಅಂತ ತೋರಿಸೋಕೆ ದಾಖಲೆ ಬೇಡವಾ?’ ಬೇಕು. ಖಂಡಿತ ಬೇಕು. ದಾಖಲೆಯೇ ಇಲ್ಲದ ಗುಡ್ಡಕ್ಕೆ ಯಾರೂ ವಕಾಲತ್ತು ಹಾಕುವುದಿಲ್ಲ.

ಆಗ ಅವನಿಗೆ ಚೀನಾದ ಗುಹೆಹಲ್ಲಿಯ ಕಥೆ ಹೇಳಿದೆ. 1999ರಲ್ಲಿ ವಿಜ್ಞಾನಿಗಳು ದಕ್ಷಿಣ ಚೀನಾದಿಂದ ಹೊಸದೊಂದು ಹಲ್ಲಿಯನ್ನು ವರ್ಣಿಸಿದರು, ಕ್ರಮದಂತೆ ಸಿಕ್ಕ ಸ್ಥಳವನ್ನೂ ಬರೆದರು. ಸಾಕುಪ್ರಾಣಿ ವ್ಯಾಪಾರಿಗಳು ಆ ಪ್ರಬಂಧವನ್ನು ಹಿಡಿದೇ ಹೋಗಿ ಬಾಚಿಕೊಂಡರು. ಆ ಸ್ಥಳದಲ್ಲಿ ಹಲ್ಲಿ ಇಲ್ಲವಾಯಿತು. ಆಮೇಲೆ ವಿಜ್ಞಾನ ಲೋಕದಲ್ಲೇ ಚರ್ಚೆ ಎದ್ದಿತು. ಆಸ್ಟ್ರೇಲಿಯಾದ ಇಬ್ಬರು ಪರಿಸರ ವಿಜ್ಞಾನಿಗಳು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ಅಪರೂಪದ ಜೀವಿಗಳ ನೆಲೆಯನ್ನು ಪ್ರಕಟಿಸಬೇಡಿ ಎಂದೇ ಬರೆದರು. ಐ-ನ್ಯಾಚುರಲಿಸ್ಟ್‌ನಂಥ ಭಂಡಾರ ಅಪಾಯದಲ್ಲಿರುವ ಜೀವಿಗಳ ನಿಜಸ್ಥಳವನ್ನು ಒಳಗಿಟ್ಟುಕೊಂಡು, 0.2 ಡಿಗ್ರಿ ಅಗಲ ಉದ್ದದ ಚೌಕದೊಳಗೆ ಎಲ್ಲೋ ಒಂದು ಚುಕ್ಕೆಯನ್ನು ಮಾತ್ರ ಹೊರಗೆ ತೋರಿಸುತ್ತದೆ. ಚುಕ್ಕೆ ಸುಳ್ಳು ಹೇಳುವುದಿಲ್ಲ, ಪೂರ್ತಿ ಹೇಳುವುದೂ ಇಲ್ಲ.

ಅವನು ಬಹಳ ಹೊತ್ತು ಯೋಚಿಸಿದ. ‘ಅಂದರೆ ಬರೆಯೋದು ಬಿಡಬೇಕಾಗಿಲ್ಲ. ಯಾರಿಗೆ, ಯಾವಾಗ ತೋರಿಸಬೇಕು ಅಂತ ನೋಡಬೇಕು.’ ಇಷ್ಟು ನೇರವಾಗಿ ನನಗೂ ಹೇಳಲು ಬಂದಿರಲಿಲ್ಲ. ಪಟ್ಟಿಯನ್ನು ಅಲ್ಲೇ ಮರೆಮಾಡಿದ. ಮರಿಗಳು ಹಾರಿ ಗುಡ್ಡ ಬಿಟ್ಟ ಮೇಲೆ, ಸ್ಥಳವನ್ನು ತಾಲ್ಲೂಕಿನ ಮಟ್ಟಕ್ಕೆ ಹಿಗ್ಗಿಸಿ ತೆರೆಯುತ್ತೇನೆ ಎಂದ. ಕ್ವಾರಿಯ ಮಾತು ಬಂದರೆ ಅರಣ್ಯ ಇಲಾಖೆಗೆ ಕೊಡಲು ನಿಖರ ಗುರುತು ಅವನ ಪುಸ್ತಕದಲ್ಲಿರುತ್ತದೆ.

ಮರೆಮಾಡುವಂತೆ ನಾನು ಆಜ್ಞೆ ಮಾಡಲಾರೆ. ನನ್ನ ಕೈಯಲ್ಲಿರುವುದು ಮಾತು ಮಾತ್ರ. ಒತ್ತಾಯದಿಂದ ಮುಚ್ಚಿಸಿದ್ದರೆ ಮುಂದಿನ ಗೂಡನ್ನು ಆತ ನನಗೆ ತಿಳಿಯದಂತೆ ಬೇರೆಲ್ಲೋ ಹಾಕುತ್ತಿದ್ದ. ಅರ್ಥವಾಗಿ ಮುಚ್ಚಿದ್ದರಿಂದ ಇನ್ನು ಆತನೇ ಹತ್ತು ಗೂಡುಗಳಿಗೆ ಕಾವಲು.

ಮಾರ್ಚ್ 2, ಭಾನುವಾರ. ಬಿಳಿಗಿರಿರಂಗನ ಬೆಟ್ಟ

ಯಳಂದೂರಿನಿಂದ ಮೊದಲ ಬಸ್ಸು. ಗುಂಬಳ್ಳಿ ದಾಟಿ ಘಾಟಿ ಏರುವಷ್ಟರಲ್ಲಿ ಗಾಳಿ ಬದಲಾಯಿತು. ಪೋಡು ಎಂದರೆ ಈ ಬೆಟ್ಟದ ಆದಿವಾಸಿ ಸೋಲಿಗರ ಹಾಡಿ. ಅಲ್ಲಿನ ಹಿರಿಯ ಸೋಲಿಗರೊಬ್ಬರೊಡನೆ ಅರ್ಧ ದಿನ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಒಪ್ಪಿಗೆ ಕೇಳಿಲ್ಲ.

ಕಾಡಂಚಿನಲ್ಲಿ ನಿಂತಾಗ ಸರ್ಪ ಗಿಡುಗದ ಕೂಗು ಸ್ಪಷ್ಟವಾಗಿ ಕೇಳಿಸಿತು. ನಾನು ಫೋನು ತೆಗೆದೆ. ಅವರು ಕೈಹಿಡಿದು ನಿಲ್ಲಿಸಿದರು. ‘ಅದು ಗಿಡುಗ ಅಲ್ಲ ಮೇಷ್ಟ್ರೆ. ಸ್ವಲ್ಪ ತಡೀರಿ.’ ಕೂಗು ಮತ್ತೆ ಬಂತು, ಹಿಂದೆಯೇ ಮಲೆ ಅಳಿಲಿನ ಗದರಿಕೆ, ಅದರ ಹಿಂದೆ ಮತ್ತಾವುದೋ ಹಕ್ಕಿಯ ಸಿಳ್ಳೆ, ಎಲ್ಲವೂ ಒಂದೇ ಕೊಂಬೆಯಿಂದ. ಭೀಮರಾಜ, ಬಾಲದಲ್ಲಿ ಎರಡು ಚವರಿಯ ಕಾಜಾಣ. ಈ ಹಕ್ಕಿಯ ಅನುಕರಣೆಯನ್ನು ಸಮೀರಾ ಅಗ್ನಿಹೋತ್ರಿಯವರು ಇದೇ ಬೆಟ್ಟದಲ್ಲಿ ಅಧ್ಯಯನ ಮಾಡಿದ್ದಾರೆ. ಅವರು ಮತ್ತು ಭಾಷಾವಿಜ್ಞಾನಿ ಆಂಗ್ ಸಿ 2012ರಲ್ಲಿ ಸೋಲಿಗರ ಪಕ್ಷಿಜ್ಞಾನದ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ನಮ್ಮ ದಾಖಲೆಗಳಲ್ಲಿ ‘ಕೇಳಿದ್ದು ಮಾತ್ರ’ ಎಂಬ ಟಿಪ್ಪಣಿಗೆ ಈ ಬೆಟ್ಟದಲ್ಲಿ ಎಷ್ಟು ಎಚ್ಚರ ಬೇಕು ಎಂಬುದು ಇಂದು ಕಿವಿಯಲ್ಲೇ ತಿಳಿಯಿತು.

ನಡೆಯುತ್ತಾ ಲಂಟಾನದ ಪೊದೆಗಳ ನಡುವೆ ಒಂದು ನೆಲ್ಲಿಮರ ತೋರಿಸಿದರು. ಕೊಂಬೆಗಳ ತುಂಬ ಬಂದಳಿಕೆ, ಸೋಲಿಗರ ಬಾಯಲ್ಲಿ ಉಪ್ಪಿಲು. ‘ತರಗು ಬೆಂಕಿ ಹಾಕ್ತಿದ್ದಾಗ ಇದು ಇಷ್ಟಿರಲಿಲ್ಲ.’ ವರ್ಷದ ಆರಂಭದಲ್ಲೇ, ತರಗೆಲೆ ದಪ್ಪವಾಗುವ ಮೊದಲು ಹಾಕುತ್ತಿದ್ದ ಸಣ್ಣ ಬೆಂಕಿ ಅದು. 1974ರಲ್ಲಿ ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಬೆಂಕಿ ನಿಂತದ್ದರಿಂದ ಉಪ್ಪಿಲು, ಲಂಟಾನ ಎರಡೂ ಹಬ್ಬಿದವೆಂದು ಸೋಲಿಗರು ವರ್ಷಗಟ್ಟಲೆ ಹೇಳುತ್ತಲೇ ಬಂದರು. ಆ ಮಾತನ್ನು ಪರೀಕ್ಷಿಸಬೇಕಾದ ತಿಳಿವಳಿಕೆ ಎಂದು ಗಂಭೀರವಾಗಿ ತೆಗೆದುಕೊಂಡ ವೈಜ್ಞಾನಿಕ ಪ್ರಬಂಧಗಳು 2010ರ ಆಸುಪಾಸಿನಲ್ಲಿ ಬಂದವು.

ಇದು ನನ್ನಂಥ ಪರಿಶೀಲಕನಿಗೆ ನೇರವಾಗಿ ತಗಲುವ ಪ್ರಶ್ನೆ. ಸಾಕ್ಷ್ಯ ಕೇಳುವುದು ನ್ಯಾಯ. ಆದರೆ ಚಿತ್ರ, ಧ್ವನಿಮುದ್ರಣ, ಇಂಗ್ಲಿಷಿನ ನಾಲ್ಕು ಸಾಲು, ಇವಿಷ್ಟನ್ನೇ ಸಾಕ್ಷ್ಯವೆಂದು ಒಪ್ಪಿದರೆ ಕಾಡನ್ನು ಎಲ್ಲರಿಗಿಂತ ಬಲ್ಲವರ ಮಾತು ಬಾಗಿಲಲ್ಲೇ ನಿಲ್ಲುತ್ತದೆ. ಪೋಡಿನ ಹುಡುಗರು ಕನ್ನಡದಲ್ಲಿ, ಸೋಲಿಗರ ನುಡಿಯಲ್ಲಿ ಬರೆದ ವಿವರಣೆಯನ್ನು ನಾನು ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತೇನೆ. ಕೂಗನ್ನು ಅವರು ಬಾಯಲ್ಲಿ ಹೇಳಿದರೆ ಅದನ್ನೂ.

ಹಿಂದೆ ಹೊನ್ನಮೇಟಿಯ ಕಾಫಿ ತೋಟದಲ್ಲಿದ್ದ ಆರ್. ಸಿ. ಮಾರಿಸ್ ಈ ಬೆಟ್ಟದ ಪ್ರಾಣಿ ಪಕ್ಷಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆಯುತ್ತಿದ್ದರು. ಆ ಟಿಪ್ಪಣಿಗಳಿಲ್ಲದೆ ನಮಗೆ ಹಳೆಯ ಕಾಲದ ಲೆಕ್ಕವೇ ಇರುತ್ತಿರಲಿಲ್ಲ. ಆದರೆ ಆ ಕಾಲದ ಬರಹಗಳಲ್ಲಿ ದಾರಿ ತೋರಿದವರು ಬಹುಮಟ್ಟಿಗೆ ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹೋಗುತ್ತಾರೆ. ಅದು ಇನ್ನು ನಡೆಯಬಾರದು.

ಮಾರ್ಚ್ 9, ಭಾನುವಾರ

ಇಂದು ನನ್ನದೇ ದಾಖಲೆಯೊಂದು ಪಕ್ಕಕ್ಕೆ ನಿಂತಿತು. ಕಬ್ಬಿನ ಗದ್ದೆಗಳ ಮೇಲೆ ಸಂಜೆ ಇಳಿದ ಗುಲಾಬಿ ಕಬ್ಬಕ್ಕಿಗಳ ಹಿಂಡಿಗೆ 4,000 ಎಂದು ಬರೆದಿದ್ದೆ. ಬೇರೆ ಊರಿನ ಪರಿಶೀಲಕಿ, ನನಗಿಂತ ಬಹಳ ಚಿಕ್ಕವರು, ಹೇಗೆ ಎಣಿಸಿದಿರಿ ಎಂದು ಕೇಳಿ ಬರೆದರು. ಮೊದಲು ನೂರನ್ನು ಎಣಿಸಿ, ಅಷ್ಟು ಹಕ್ಕಿ ಆಕಾಶದಲ್ಲಿ ಹಿಡಿಯುವ ಜಾಗವನ್ನು ಕಣ್ಣಳತೆಗೆ ತಂದುಕೊಂಡು, ಹಿಂಡಿನ ಉದ್ದಕ್ಕೂ ಅದನ್ನು ಸರಿಸುತ್ತಾ ಹೋದ ಕ್ರಮವನ್ನು ವಿವರಿಸಿ, ಮೂರು ಚಿತ್ರಗಳನ್ನು ಕಳಿಸಿದೆ. ಒಪ್ಪಿದರು.

ನನಗೆ ತುಂಬಾ ನೆಮ್ಮದಿಯಾಯಿತು. ಕೇಳುವವನನ್ನೂ ಕೇಳುವವರಿರುವ ವ್ಯವಸ್ಥೆಯನ್ನು ಮಾತ್ರ ನಂಬಬಹುದು. ಯಂತ್ರದ ಮಿತಿಗೆ ನಾನು ಯಾರೆಂದು ಗೊತ್ತಿಲ್ಲ, ಗೊತ್ತಿರಬಾರದು.

ಮಾರ್ಚ್ 16, ಭಾನುವಾರ. ಯಳಂದೂರು

ಮೂರು ತಾಲ್ಲೂಕಿನ ಶಿಕ್ಷಕರು, ಕೆಲವು ವಿದ್ಯಾರ್ಥಿಗಳು, ಪೋಡುಗಳಿಂದ ಬಂದ ನಾಲ್ವರು ಯುವಕರು. ಗೌರೀಶ್ವರ ದೇವಸ್ಥಾನದ ಹತ್ತಿರ ಸೇರಿದೆವು, ಬಳೆ ಮಂಟಪದ ಕಲ್ಲಿನ ಸರಪಣಿಗಳನ್ನು ನೋಡಿದ ಮೇಲೆ ಮಾತಿಗೆ ಕುಳಿತೆವು. ನಮ್ಮ ಸೀಮೆಗೆ ಬೇಕಾದ ನಡತೆಯ ನಿಯಮಗಳನ್ನು ನಾವೇ ಬರೆದುಕೊಳ್ಳೋಣ ಎಂಬುದು ಉದ್ದೇಶ.

ಹೆಚ್ಚು ಹೊತ್ತು ಹಿಡಿದದ್ದು ಒಪ್ಪಿಗೆಯ ಪ್ರಶ್ನೆ. ಪೋಡಿನ ಯುವಕರಲ್ಲೊಬ್ಬ ಎದ್ದು, ಸೋಲಿಗರು ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯೊಡನೆ ಸೇರಿ ತಮ್ಮ ದೇವರ ನೆಲೆಗಳ ನಕ್ಷೆ ಮಾಡಿದ್ದನ್ನು ನೆನಪಿಸಿದ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಹೀಗೆ ನಾನೂರಕ್ಕೂ ಹೆಚ್ಚು ತಾಣಗಳು. ಸೋಲಿಗ ಸಮುದಾಯದಿಂದಲೇ ಬಂದ ಸಂಶೋಧಕ ಡಾ. ಸಿ. ಮಾದೇಗೌಡ ಅದರಲ್ಲಿ ದುಡಿದರು. ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದೂ ಅದೇ ವರ್ಷ. ‘ಆ ನಕ್ಷೆ ನಮ್ಮದು. ಏನು ತೋರಿಸಬೇಕು, ಏನು ಬಿಡಬೇಕು ಅಂತ ನಾವು ಕೂತು ತೀರ್ಮಾನಿಸಿದ್ದು. ನೀವು ಹಕ್ಕಿ ನೋಡೋಕೆ ಬಂದು ಗುಡಿ ಜಾಗಾನೂ ಗುರುತು ಹಾಕಿ ಹೋದರೆ?’ ಸಭೆ ಸುಮ್ಮನಾಯಿತು. ಉತ್ತರ ನಿಯಮವಾಗಿ ದಾಖಲಾಯಿತು.

ನಾನು ದಕ್ಷಿಣ ಆಫ್ರಿಕದ ಸ್ಯಾನ್ ಜನರ ಉದಾಹರಣೆ ಕೊಟ್ಟೆ. ತಮ್ಮನ್ನು ಅಧ್ಯಯನ ಮಾಡಿದವರ ನಡತೆಯಿಂದ ಬೇಸತ್ತು 2017ರಲ್ಲಿ ಅವರೇ ಸಂಶೋಧನಾ ನೀತಿ ಸಂಹಿತೆ ಬರೆದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಈ ನಾಲ್ಕೇ ಅದರ ಕಂಬ. ನಮ್ಮ ಬೆಟ್ಟದ ಕಣಜವೊಂದಕ್ಕೆ 2022ರಲ್ಲಿ ಏಟ್ರೀ ವಿಜ್ಞಾನಿಗಳು ‘ಸೋಲಿಗ’ ಎಂಬ ಕುಲನಾಮ ಇಟ್ಟಿದ್ದು ಒಳ್ಳೆಯದಾಯಿತು. ಹೆಸರಿಡುವುದು ಗೌರವ. ಕೇಳಿ ಬರೆಯುವುದು ಅದಕ್ಕಿಂತ ಮೊದಲಿನ ಗೌರವ.

ಸಂಜೆಯ ಹೊತ್ತಿಗೆ ಒಪ್ಪಿದ್ದು ಇಷ್ಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುವುದು. ಕೇಳಿದ್ದನ್ನು ನೋಡಿದ್ದು ಎನ್ನದಿರುವುದು. ಗೂಡಿನ ಸ್ಥಳವನ್ನೂ ಗುಡಿಯ ಸ್ಥಳವನ್ನೂ ಹಾಕದಿರುವುದು. ಕೂಗಿನ ಧ್ವನಿ ನುಡಿಸಿ ಹಕ್ಕಿಯನ್ನು ಕರೆಯದಿರುವುದು. ತೋರಿಸಿದವರ ಹೆಸರನ್ನು, ಅವರು ಒಪ್ಪಿದರೆ, ಪಟ್ಟಿಯಲ್ಲಿ ಬರೆಯುವುದು. ಹಿರಿಯರಿಗೂ ಕಿರಿಯರಿಗೂ ಒಂದೇ ಪ್ರಶ್ನೆ. ಮುರಿದವರಿಗೆ ಶಿಕ್ಷೆ ಏನು ಎಂದು ಒಬ್ಬರು ಕೇಳಿದರು. ಮೊದಲು ಒಬ್ಬರೇ ಹೋಗಿ ಒಬ್ಬರೊಡನೆ ಮಾತಾಡುವುದು, ಎಲ್ಲರೆದುರು ಹೆಸರೆತ್ತದಿರುವುದು ಎಂದು ಹನೂರಿನ ಹುಡುಗ ಹೇಳಿದ. ಅದನ್ನೂ ಬರೆದುಕೊಂಡೆವು.

ಮಾರ್ಚ್ 30, ಭಾನುವಾರ

ಯುಗಾದಿ. ಹಿರಿಯರ ಮನೆಗೆ ಹೋಗಿ ಬೇವು ಬೆಲ್ಲ ತೆಗೆದುಕೊಂಡು ಬಂದೆ. ಮಂಗಟ್ಟೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫೆಬ್ರವರಿಯ ನಂತರ ಅವರು ಒಂದು ಪಟ್ಟಿಯನ್ನೂ ಕಳಿಸಿಲ್ಲ. ಇದು ನಿಜವಾದ ನಷ್ಟ. ಅವರ ಒಂದು ಬೆಳಗಿನ ಪಟ್ಟಿಯಲ್ಲಿರುವ ಸೂಕ್ಷ್ಮ ನನ್ನ ಹತ್ತು ಪಟ್ಟಿಗಳಲ್ಲಿಲ್ಲ. ನಿಯಮಕ್ಕೆ ಬೆಲೆ ಇದೆ, ಕೆಲವೊಮ್ಮೆ ಅದನ್ನು ಸ್ನೇಹದಿಂದ ತೆರಬೇಕಾಗುತ್ತದೆ. ಆದರೂ ಆ ದಾಖಲೆಯನ್ನು ಹೆಸರು ನೋಡಿ ಒಪ್ಪಿದ್ದರೆ, ಹಿಮಾಲಯದ ಪಿಕಳಾರದ ಹುಡುಗಿಗೆ ಕೇಳಿದ ಪ್ರಶ್ನೆ ಬರೀ ದೌರ್ಜನ್ಯವಾಗುತ್ತಿತ್ತು. ದೊಡ್ಡವರಿಗೆ ಕೇಳದ ಪ್ರಶ್ನೆಯನ್ನು ಚಿಕ್ಕವರಿಗೆ ಕೇಳುವ ಹಕ್ಕು ಯಾರಿಗೂ ಇಲ್ಲ.

ಅವರಲ್ಲಿಗೆ ಹೋಗುವುದನ್ನು ನಿಲ್ಲಿಸುವುದಿಲ್ಲ. ದಾಖಲೆ ಒಂದು, ಮನುಷ್ಯ ಸಂಬಂಧ ಇನ್ನೊಂದು. ಎರಡನ್ನೂ ಕಾಪಾಡಿಕೊಳ್ಳಬೇಕು.

ಮೇ 10, ಶನಿವಾರ

ಜಗತ್ತಿನಾದ್ಯಂತ ಹಕ್ಕಿ ನೋಡುವ ದಿನ. ಬೆಳಿಗ್ಗೆ ಮರಡಿಗುಡ್ಡ ಹತ್ತಿ ಬಂದೆ. ಮಧ್ಯಾಹ್ನ ಹನೂರಿನ ಹುಡುಗನ ಸಂದೇಶ: ಗೂಬೆಮರಿಗಳು ಹಾರಿ ಬಂಡೆ ಬಿಟ್ಟಿವೆ, ಪಟ್ಟಿಯನ್ನು ತೆರೆದಿದ್ದೇನೆ, ಸ್ಥಳ ‘ಹನೂರು ತಾಲ್ಲೂಕು’ ಎಂದಷ್ಟೇ. ಜೊತೆಗೆ ಒಂದು ಕೇಳಿಕೆ. ಪರಿಶೀಲನೆಯ ಕೆಲಸದಲ್ಲಿ ತಾನೂ ನೆರವಾಗಬಹುದೇ, ಅದಕ್ಕೆ ಏನು ಕಲಿಯಬೇಕು?

ಅವನಿಗೆ ಬರೆದ ಉತ್ತರವನ್ನು ಇಲ್ಲೂ ಇಟ್ಟುಕೊಳ್ಳುತ್ತೇನೆ.

ಮೊದಲು ನಿನ್ನ ಸುತ್ತಿನ ಸಾಮಾನ್ಯ ಹಕ್ಕಿಗಳನ್ನು ಎಲ್ಲ ಋತುವಿನಲ್ಲೂ, ಎಲ್ಲ ಪುಕ್ಕದಲ್ಲೂ ನೋಡು. ಅಪರೂಪವನ್ನು ಗುರುತಿಸುವುದು ಸಾಮಾನ್ಯವನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಸಾಧ್ಯ. ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ನಿನ್ನ ಬಳಿ ಇರಲಿ, ಮಕ್ಕಳಿಗೆ ಕನ್ನಡದ ಹೆಸರು ಹೇಳಿ ಕೇಳು. ಪತ್ರ ಬರೆಯುವ ಮುನ್ನ ಎದುರಿನವರು ನಿಜವನ್ನೇ ಹೇಳುತ್ತಿದ್ದಾರೆಂದು ನಂಬು, ನಂಬಿಕೊಂಡೇ ಸಾಕ್ಷ್ಯ ಕೇಳು. ಈ ಎರಡಕ್ಕೂ ವಿರೋಧವಿಲ್ಲ. ಸಿಟ್ಟು ಬಂದ ರಾತ್ರಿ ಯಾರಿಗೂ ಉತ್ತರ ಬರೆಯಬೇಡ, ಬೆಳಿಗ್ಗೆ ಬರೆ. ಯಾರೂ ನಿನಗೆ ಧನ್ಯವಾದ ಹೇಳದ ತಿಂಗಳುಗಳು ಬರುತ್ತವೆ, ಅದಕ್ಕೂ ಸಿದ್ಧನಾಗಿರು. ನಿನ್ನ ಗುಡ್ಡದ ಗೂಬೆಯ ಬಗ್ಗೆ ನೀನು ಮಾಡಿದ ತೀರ್ಮಾನವನ್ನು ಯಾವ ಯಂತ್ರವೂ ಮಾಡಿರಲಿಲ್ಲ, ಯಾವ ನಿಯಮವೂ ನಿನ್ನಿಂದ ಕೇಳಿರಲಿಲ್ಲ. ನೀನು ಕಲಿಯಬೇಕಾದದ್ದರಲ್ಲಿ ಕಷ್ಟದ ಭಾಗವನ್ನು ಆಗಲೇ ಕಲಿತಿದ್ದೀಯ. ಸೋಮವಾರ ಸಂಜೆ ಬಾ, ಬಾಕಿ ಇರುವ ದಾಖಲೆಗಳನ್ನು ಇಬ್ಬರೂ ಕೂತು ನೋಡೋಣ.